ಕೆಂಪಸಿದ್ದಯ್ಯ ಮೇಸ್ತ್ರಿಯ ವಾರೆ ಮನೆ

ಹೊಳಲಿನಲ್ಲಿ ಕೆಂಪಸಿದ್ದಯ್ಯ ಮೇಸ್ತ್ರಿಯ ಮನೆ ಎಲ್ಲಿ ಎಂದು ನೀವು ಯಾರನ್ನೂ ಕೇಳಬೇಕಾಗಿಲ್ಲ. ಬಸ್ಸಿನಿಂದ ಇಳಿದು ಬೀದಿಯುದ್ದಕ್ಕೂ ಕಣ್ಣು ಹಾಯಿಸಿ. ಯಾವ ಮನೆ ಕಂಡಾಗ ನಿಮ್ಮ ತಲೆ ತಾನಾಗಿ ಒಂದು ಕಡೆಗೆ ವಾಲುತ್ತದೋ ಅದೇ ಅವನ ಮನೆ. ಎದುರು ಜಗಲಿಯ ಲಿಂಗಯ್ಯ ವರ್ಷಗಟ್ಟಲೆ ಅದನ್ನೇ ನೋಡಿಕೊಂಡು ಬೀಡಿ ಸೇದಿದ್ದರಿಂದ ಅವನ ಕುತ್ತಿಗೆ ಎಡಕ್ಕೆ ತಿರುಗಿ ಹಾಗೇ ನಿಂತಿದೆ. ಈಗ ಅವನಿಗೆ ನೆಟ್ಟಗಿರುವ ಮನೆ ಕಂಡರೆ, "ಯಾವನ್ಲಾ ಅವ್ನು ಇಂಗೆ ವಾರೆಯಾಗಿ ಕಟ್ಟಿರೋನು?" ಎಂದು ಸಿಟ್ಟು ಬರುತ್ತದೆ.

ಒಳಗೆ ಹೋದರೆ ಇನ್ನೊಂದು ಲೋಕ. ಪಡಸಾಲೆಯಲ್ಲಿ ಒಂದು ನಿಂಬೆಹಣ್ಣು ಬಿಟ್ಟರೆ ಅದು ಯಾರನ್ನೂ ಕೇಳದೆ ಉರುಳಿಕೊಂಡು ಅಡಿಗೆಮನೆ ಸೇರುತ್ತದೆ. ಮೇಸ್ತ್ರಿಯ ಹೆಂಡತಿ ದೇವೀರಮ್ಮ ಸಂತೆಯಿಂದ ಬಂದರೆ ಚೀಲವನ್ನು ಹೊಸಿಲಲ್ಲೇ ಸುರಿದುಬಿಡುತ್ತಾಳೆ. ಈರುಳ್ಳಿ, ಬದನೆಕಾಯಿ, ಆಲೂಗಡ್ಡೆ ಎಲ್ಲವೂ ಶಾಲೆ ಬಿಟ್ಟ ಮಕ್ಕಳ ಹಾಗೆ ತಾವೇ ಓಡುತ್ತವೆ. ಕುಂಬಳಕಾಯಿ ತಂದ ದಿನ ಮಾತ್ರ ಮೊದಲು "ದಾರಿ ಬುಡ್ರೋ" ಎಂದು ಕೂಗಬೇಕು. ಅಲ್ಲೇ ಹುಟ್ಟಿ ಬೆಳೆದ ಬೆಕ್ಕಿಗೆ ಎಡಗಡೆಯ ಕಾಲುಗಳು ತುಸು ಗಿಡ್ಡ. ಮನೆಯೊಳಗೆ ರಾಜಗಾಂಭೀರ್ಯದಲ್ಲಿ ನಡೆಯುವ ಅದು ಬೀದಿಗೆ ಇಳಿದರೆ ಸುತ್ತು ಹೊಡೆದುಕೊಂಡು ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಇದರಲ್ಲಿ ಅರ್ಧ ನಾನು ಸೇರಿಸಿದ್ದು. ಯಾವ ಅರ್ಧ ಎಂದು ಮಾತ್ರ ಕೇಳಬೇಡಿ, ಮೇಸ್ತ್ರಿಗೇ ಈಗ ಗೊತ್ತಿಲ್ಲ.

ತಮಾಷೆಯೆಂದರೆ, ಇದೇ ಕೆಂಪಸಿದ್ದಯ್ಯ ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಕಟ್ಟಿರುವ ಮನೆಗಳ ಗೋಡೆಗಳು ಎಷ್ಟು ನೆಟ್ಟಗಿವೆ ಎಂದರೆ ಹಲ್ಲಿಗಳು ಹಿಡಿತ ಸಿಗದೆ ಜಾರಿ ಬೀಳುತ್ತವೆ. ಅವನು ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಗೋಡೆಯ ಪಕ್ಕ ಇಳಿಬಿಟ್ಟರೆ ಗುಂಡೇ ಗೋಡೆಯನ್ನು ನೋಡಿ ತನ್ನನ್ನು ತಾನು ಸರಿಮಾಡಿಕೊಳ್ಳುತ್ತದೆ. ಮಳವಳ್ಳಿಯ ನಿವೃತ್ತ ಹೆಡ್‌ಮಾಸ್ತರು ಶ್ಯಾಮಣ್ಣನವರು ಮನೆ ಕಟ್ಟಿಸಬೇಕೆಂದು ಮೇಸ್ತ್ರಿಯನ್ನು ಹುಡುಕಿಕೊಂಡು ಹೊಳಲಿಗೆ ಬಂದರು. ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಕಾಫಿ ಬರುವಷ್ಟರಲ್ಲಿ ಕುರ್ಚಿ ಮೆಲ್ಲಗೆ ಸರಿದು ಅವರನ್ನು ಕಿಟಕಿಯ ಹತ್ತಿರ ಕೊಂಡೊಯ್ದಿತ್ತು. ಅವರು ಕಾಫಿ ಮುಗಿಸಿ, ಕೈಮುಗಿದು, ಬಸ್ಸು ಹತ್ತಿಬಿಟ್ಟರು. ಆಮೇಲೆ ಮದ್ದೂರಿನಲ್ಲಿ ಅವನು ಕಟ್ಟಿದ ಎರಡು ಮೂರು ಮನೆ ನೋಡಿ ತಲೆಕೆಟ್ಟು, ಮತ್ತೆ ಬಸ್ಸು ಹತ್ತಿ ವಾಪಸು ಬಂದರು.

"ಅಲ್ಲಯ್ಯಾ, ಆ ಮನೆಗಳನ್ನು ಕಟ್ಟಿದ ಕೈಯೇ ಇದನ್ನೂ ಕಟ್ಟಿತೆ?"

"ಇಲ್ಲ ಸ್ವಾಮಿ. ಇದುನ್ನ ಬೇರೆ ಕೈಗೋಳು ಕಟ್ಟಿದ್ದು," ಎಂದ ಮೇಸ್ತ್ರಿ.

ಆ ಬೇರೆ ಕೈಗಳ ಕತೆಯೇ ಕೆಂಪಸಿದ್ದಯ್ಯನ ಕತೆ.

ಮೀಸೆ ಮೂಡುವ ವಯಸ್ಸಿನಲ್ಲಿ ಅವನು ಮದ್ದೂರಿನ ಒಬ್ಬ ಮೇಸ್ತ್ರಿಯ ಹತ್ತಿರ ಕೆಲಸ ಕಲಿಯುತ್ತಿದ್ದ. ಮೊದಲ ಸಲ ಅವನ ಕೈಗೆ ಗಾರೆ ಹಾಕುವ ಕರಣೆ ಕೊಟ್ಟು ಇಟ್ಟಿಗೆ ಕಟ್ಟಲು ಬಿಟ್ಟದ್ದು ಯಾರೋ ಪಾಪದವರ ಮನೆಯಲ್ಲಿ. ಗೋಡೆ ನಡುವಿನಲ್ಲಿ ಗಬ್ಬದ ಎಮ್ಮೆಯ ಹಾಗೆ ಉಬ್ಬಿತು. ಗುರು ಅದರ ಮೇಲೆ ಗಾರೆ ಬಳಿದು ಮುಚ್ಚಿಸಿದ. ಆ ಮನೆಯ ಹೆಂಗಸು ಏನೂ ಅನ್ನಲಿಲ್ಲ. ಉಬ್ಬಿದ ಕಡೆಗೆ ಒಂದು ಕ್ಯಾಲೆಂಡರು ನೇತುಹಾಕಿದಳು. ಕ್ಯಾಲೆಂಡರಿನ ಕೆಳಗಿನ ಅಂಚು ಗೋಡೆಯಿಂದ ಒಂದು ಗೇಣು ದೂರ ಗಾಳಿಯಲ್ಲಿ ನಿಂತಿತು. ಮುಂದೆ ಕೆಂಪಸಿದ್ದಯ್ಯ ಎಷ್ಟು ಮನೆ ಕಟ್ಟಿದರೂ ಆ ಕ್ಯಾಲೆಂಡರು ಅವನ ಕಣ್ಣಿನಿಂದ ಹೋಗಲಿಲ್ಲ.

"ಕೈ ಎಲ್ಲಾರ ಒಂದ್ಕಡೆ ಕೆಡ್ಲೇಬೇಕು ಕಣಪ್ಪ. ಕೆಡ್ದೆ ಕಲಿಯಾಕಾಗಕಿಲ್ಲ," ಎನ್ನುತ್ತಾನೆ ಅವನು. "ಆದ್ರೆ ಜೀವಮಾನ್ದಲ್ಲಿ ಒಂದೇ ಮನೆ ಕಟ್ಟುಸ್ತಾರಲ್ಲ, ಅಂತೋರ ಮನೇಲಿ ಕೆಡುಸ್ಬಾರ್ದು. ಬೇಕಾದ್ರೆ ನನ್ ಮನೇಲಿ ಕೆಡ್ಲಿ."

ಹಾಗಾಗಿ ತಾನೇ ಮೇಸ್ತ್ರಿಯಾದ ಮೇಲೆ ಹೊಳಲಿನ ತನ್ನ ಜಾಗದಲ್ಲಿ ಪಾಯವನ್ನು ಮಾತ್ರ ತನ್ನ ಕೈಯಾರೆ ಗಟ್ಟಿಯಾಗಿ ಹಾಕಿದ. ಅದರ ಮೇಲೆ ನೆಲ ಹಾಸಿದ್ದೂ ಹೊಸಬರೇ, ಒಂದೊಂದು ಗೋಡೆ ಕಟ್ಟಿದ್ದೂ ಒಬ್ಬೊಬ್ಬ ಹೊಸಬ. ಇದಕ್ಕೆ ಕಟ್ಟುನಿಟ್ಟಿನ ಕಾನೂನುಗಳಿದ್ದವು. ಕಲಿಯುವವರ ಮೊದಲ ಗೋಡೆ ಇಲ್ಲೇ ಏಳಬೇಕು. ಅವರು ಕಟ್ಟುವಾಗ ಮೇಸ್ತ್ರಿ ಆ ಕಡೆ ಸುಳಿಯಕೂಡದು. ಕಟ್ಟಿದ್ದು ಹೇಗೇ ಬರಲಿ, ಯಾರೂ ಅದನ್ನು ಕೆಡವಕೂಡದು. ಸಂಜೆ ಮೇಸ್ತ್ರಿ ಬಂದು ಗೋಡೆಯನ್ನು ನೋಡಿ "ಸರಿ" ಎಂದು ಒಂದೇ ಮಾತು ಹೇಳಿ ಹೊಸ ಕರಣೆ ಕೊಡುತ್ತಾನೆ. ಗೋಡೆ ಸರಿಯಿಲ್ಲವೆಂದು ಕಟ್ಟಿದವನಿಗೂ ಗೊತ್ತು, ಮೇಸ್ತ್ರಿಗೂ ಗೊತ್ತು. ಅದಾದ ಮೇಲೆ ಆ ಹುಡುಗ ಬೇರೆಯವರ ಮನೆಯಲ್ಲಿ ವಾರೆ ಕಟ್ಟಿದ್ದಿಲ್ಲ.

ಗೋಡೆಗಳಿಗೆ ಕಟ್ಟಿದವರ ಹೆಸರೇ ನಿಂತಿತು. "ಟೀವಿ ಎಲ್ಲಿ ಇಡಾನ?" ಎಂದರೆ "ಪುನೀತನ್ ಮೇಲೆ ಮೊಳೆ ಹೊಡಿ" ಎನ್ನುತ್ತಾಳೆ ದೇವೀರಮ್ಮ. ಗೊತ್ತಿಲ್ಲದ ನೆಂಟರು ಬೆಚ್ಚಿಬೀಳುತ್ತಾರೆ. ಪುನೀತ ಇವತ್ತು ಮಂಡ್ಯದಲ್ಲಿ ದೊಡ್ಡ ಮೇಸ್ತ್ರಿ. ಅಡಿಗೆಮನೆಯ ಒಂದು ಪಕ್ಕದ ಗೋಡೆ ಕಟ್ಟಿದ ಸಂತೋಷ ಮದ್ದೂರಿನಲ್ಲಿ ತನ್ನದೇ ತಂಡ ಕಟ್ಟಿಕೊಂಡಿದ್ದಾನೆ. ಯುಗಾದಿಗೆ ಎಲ್ಲರೂ ಬಂದು ತಮ್ಮ ತಮ್ಮ ಗೋಡೆ ನೋಡಿ, ತಲೆ ಕೆರೆದುಕೊಂಡು, ಹೋಳಿಗೆ ತಿಂದು ಹೋಗುತ್ತಾರೆ.

ಆದರೆ ಆ ಮನೆಯಲ್ಲಿ ಬಾಳಿದವಳು ದೇವೀರಮ್ಮ. ಅವಳೂ ಗಾರೆ ಕೆಲಸದವಳೇ. ಹುಡುಗಿಯಾಗಿದ್ದಾಗಿನಿಂದ ಬಾಣಲಿಯಲ್ಲಿ ಗಾರೆ ಹೊತ್ತು ಹೊತ್ತು ಅವಳ ನೆತ್ತಿ ಎಷ್ಟು ಚಪ್ಪಟೆಯಾಗಿದೆ ಎಂದರೆ ಅದರ ಮೇಲೆ ಚೌಕಾಬಾರ ಆಡಬಹುದು. ಆ ಮನೆಯ ಸೊಟ್ಟ ಗೋಡೆಗಳಿಗೆಲ್ಲ ಗಾರೆ ಹೊತ್ತವಳೂ ಅವಳೇ. ಯಾವ ಗೋಡೆಯ ಬಗ್ಗೆಯೂ ಗೊಣಗಲಿಲ್ಲ. ಒಂದು ವಿಷಯಕ್ಕೆ ಮಾತ್ರ ಅವಳ ಹೊಟ್ಟೆ ಉರಿಯುತ್ತಿತ್ತು. ಒಲೆ ಇಟ್ಟ ನೆಲವೇ ವಾರೆ. ಹಾಗಾಗಿ ಮದುವೆಯಾದ ಲಾಗಾಯ್ತು ಅವಳು ಯಾವ ಪಾತ್ರೆಯನ್ನೂ ಮುಕ್ಕಾಲಿಗಿಂತ ಮೇಲೆ ತುಂಬಿಸಿದವಳಲ್ಲ. ತುಂಬಿಸಿದರೆ ಸಾರು ಒಂದು ಕಡೆಯಿಂದ ಚೆಲ್ಲಿ ಒಲೆ ಆರಿಸುತ್ತಿತ್ತು. ನೆಂಟರು ಬಂದರೆ ಎರಡೆರಡು ಸಲ ಬೇಯಿಸಬೇಕು.

ಅಡಿಗೆಮನೆಯ ನಾಲ್ಕನೇ ಗೋಡೆ ಇನ್ನೂ ಎದ್ದಿರಲಿಲ್ಲ. ಆ ಕಡೆಗೆ ತೆಂಗಿನ ಗರಿ ಕಟ್ಟಿದ್ದರು. ಆ ಗೋಡೆ ಎದ್ದರೆ ಅದಕ್ಕೆ ಕಡಪ ಕಲ್ಲು ಕೂರಿಸಿ ಒಲೆಯ ಕಟ್ಟೆ ಮಾಡಬೇಕು. ದೇವೀರಮ್ಮ ಗಂಡನಿಂದ ಮಲೆ ಮಾದಪ್ಪನ ಮೇಲೆ ಆಣೆ ಹಾಕಿಸಿಕೊಂಡಿದ್ದಳು: ಆ ಒಂದು ಗೋಡೆಯನ್ನು ಅವನೇ ಕಟ್ಟಬೇಕು. ಅವಳು ಒಂದು ಸಲವಾದರೂ ಪಾತ್ರೆ ತುಂಬ ಸಾರು ಕಾಯಿಸಬೇಕು. ಆಣೆ ಹಾಕಿದವನಿಗೆ ಊರವರ ಮನೆಗಳಿಂದ ಬಿಡುವು ಸಿಗಲಿಲ್ಲ. ಗರಿ ಒಣಗಿದಂತೆಲ್ಲ ಹೊಸ ಗರಿ ಬಂತು.

ಅಂಥ ಹೊತ್ತಿನಲ್ಲಿ ಬಂದಳು ದೀಪಿಕ.

ಕೆರಗೋಡಿನ ಹುಡುಗಿ. ಅಪ್ಪನಿಗೆ ಗದ್ದೆ, ಒಂದಿಷ್ಟು ಕಬ್ಬು. ಪಿಯುಸಿ ಮುಗಿಸಿ, ಮಂಡ್ಯದ ಒಂದು ತರಬೇತಿ ಕೇಂದ್ರದಲ್ಲಿ ಕಟ್ಟಡ ಕೆಲಸದ ಪಾಠಕ್ಕೆ ಸೇರಿದಳು. ಅಲ್ಲಿ ಹಳದಿ ಹೆಲ್ಮೆಟ್ಟು ಕೊಟ್ಟು, ಪಾಠ ಹೇಳಿ, ಆಮೇಲೆ ಕೈಕೆಲಸ ಕಲಿಯಲು ಮೇಸ್ತ್ರಿಗಳ ಹತ್ತಿರ ಕಳಿಸುತ್ತಾರೆ. ಹುಡುಗರನ್ನೆಲ್ಲ ಮೇಸ್ತ್ರಿಗಳು ಆರಿಸಿಕೊಂಡರು. ದೀಪಿಕಳನ್ನು ನೋಡಿ, "ಗಾರೆ ಹೊರೋಕಾದ್ರೆ ಬಾ. ಕರಣೆ ಗಿರಣೆ ಅಂದ್ರೆ ಆಗಕಿಲ್ಲ" ಎಂದರು. ಕೆಂಪಸಿದ್ದಯ್ಯ ಅವಳ ಕೈ ಕಡೆ ಒಂದು ಸಲ ನೋಡಿ, "ನಾಳಿಕ್ಕೆ ಮೊದ್ಲ ಬಸ್ಸಿಗೆ ಬಾ" ಎಂದ.

ಬಂದಳು. ಆ ಮೊದಲ ಬಸ್ಸಿನ ಡ್ರೈವರು ಅವಳ ಹೆಲ್ಮೆಟ್ಟು ಕಂಡಮೇಲೆಯೇ ಸೂರ್ಯನಿಗೆ ಏಳಲು ಹೇಳುತ್ತಿದ್ದನಂತೆ. ಮರಳು ಜರಡಿ ಹಿಡಿದಳು, ಗಾರೆ ಕಲಸಿದಳು, ಹೊಸ ಗೋಡೆಗಳಿಗೆ ನೀರು ಹೊಡೆದಳು. ಹೊಡೆದ ನೀರಿಗೆ ಶಿಂಷಾ ಹೊಳೆ ಒಂದೆರಡು ಅಂಗುಲ ಇಳಿದಿರಬೇಕು. ಕೆಲಸ ಮಾಡುತ್ತಲೇ ಕಣ್ಣು ಮಾತ್ರ ಮೇಸ್ತ್ರಿಯ ಮಣಿಕಟ್ಟಿನ ಮೇಲೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಗಾರೆಯಿಲ್ಲದೆ ಬರೀ ಇಟ್ಟಿಗೆ ಜೋಡಿಸಿ ಕಟ್ಟಿ, ಅವರು ಏಳುವ ಹೊತ್ತಿಗೆ ಬಿಚ್ಚಿಡುತ್ತಿದ್ದಳು. ವರ್ಷ ತುಂಬುವ ಮೊದಲೇ ಅವಳ ಕೈ ಪಳಗಿತ್ತು. ಅವಳಿಗೆ ಮೊದಲ ಗೋಡೆ ಕೊಡಬೇಕು. ಹೊಳಲಿನಲ್ಲಿ ಉಳಿದಿದ್ದದ್ದು ಒಂದೇ ಗೋಡೆ.

ಮೇಸ್ತ್ರಿಯ ಊಟ ನಿಂತಿತು. ಕೊನೆಗೆ ಒಂದು ಸಂಜೆ, ಪಕ್ಕದ ಮನೆಯ ನಾನೂ ಲಿಂಗಯ್ಯನೂ ಕಾಫಿಗೆ ಕೂತಿದ್ದಾಗ, ನಮ್ಮಿಬ್ಬರ ಮರೆಯಲ್ಲಿ ನಿಂತು ಹೇಳಿದ.

"ದೇವೀರಿ, ಆ ಎಣ್ಮಗೀಗೆ ಒಂದ್ ಗೋಡೆ ಬೇಕಾಗದೆ."

"ಕೊಡು. ನಾನೇನ್ ಸೆರಗಲ್ಲಿ ಗೋಡೆ ಕಟ್ಕೊಂಡಿದ್ದೀನಾ?"

"ಉಳ್ದಿರೋದು ಅಡ್ಗೆಮನೇದೊಂದೆ."

ದೇವೀರಮ್ಮನ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿದ್ದು, ಆ ಮನೆಯ ರೂಢಿಯಂತೆ ಮೂಲೆಯ ಕಡೆ ಹೊರಟಿತು.

"ಮಾದಪ್ಪನ ಆಣೆ ಎಲ್ಲೋಯ್ತು? ಊರೋರ್ ಮನೇಗೆಲ್ಲ ಮಟ್ಟ ಇಡ್ಕೊಂಡು ಓಯ್ತೀಯಲ್ಲ, ನನ್ ಒಲೆ ಮುಂದೆ ಬಂದಾಗ ನಿನ್ ಮಟ್ಟಕ್ಕೆ ಏನ್ ಬಂತು ರೋಗ?"

ಮೇಸ್ತ್ರಿ ತಲೆ ತಗ್ಗಿಸಿದ. "ಬೇರೆಯೋರ್ ಮನೇಲಿ ಮೊದ್ಲ ಗೋಡೆ ಕಟ್ಟುಸ್ದೋನಲ್ಲ ನಾನು. ನಿಂಗೂ ಗೊತ್ತು."

"ಕರ್ಕಬಾ ಅವ್ಳ್ನ," ಎಂದಳು ದೇವೀರಮ್ಮ.

ಮಾರನೆಯ ದಿನ ದೀಪಿಕ ಬಂದಳು. ವಿಷಯ ಗೊತ್ತಾಗಿ ಮುಖ ಸಣ್ಣಗೆ ಮಾಡಿಕೊಂಡು, "ನಂಗೆ ಬ್ಯಾಡ ಕಣಮ್ಮ. ಎಲ್ಲಾದ್ರೂ ಜಾಗ ಸಿಗೋಗಂಟ ನಾನು ಗಾರೆ ಕಲಸ್ಕೊಂಡಿರ್ತೀನಿ" ಎಂದಳು.

ದೇವೀರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನಾನೂ ಅಂಗೇ ಅಂದಿದ್ದೆ ಕಣವ್ವ, ನಿನ್ ವಯಸ್ಸಲ್ಲಿ. ಕರಣೆ ಕೊಡಣ್ಣ ಅಂದ್ರೆ, ಎಂಗ್ಸು ಕಟ್ಟಿದ್ ಗೋಡೆ ನಿಲ್ಲಕಿಲ್ಲ ಅಂದ ಆ ಮೇಸ್ತ್ರಿ. ಸರಿ, ಕಾಯ್ತೀನಿ ಅಂದೆ. ನೋಡು, ಇನ್ನೂ ಕಾಯ್ತಾ ಇವ್ನಿ." ತೆಂಗಿನ ಗರಿಯ ಕಡೆ ಕೈ ತೋರಿಸಿದಳು. "ಕಟ್ಟು. ಆದ್ರೆ ಇದು ನನ್ ಒಲೆ ಗೋಡೆ. ನೆಪ್ಪಿರ್ಲಿ."

ಕಾನೂನಿನಂತೆ ಮೇಸ್ತ್ರಿಯನ್ನು ಮಳವಳ್ಳಿಯ ಕೆಲಸಕ್ಕೆ ಅಟ್ಟಿದರು. ನಾನೂ ಲಿಂಗಯ್ಯನೂ ಹಿತ್ತಿಲಲ್ಲಿ ಜಾಗ ಹಿಡಿದೆವು. ದೀಪಿಕ ಗರಿ ಬಿಚ್ಚಿ, ಪಾಯ ಗುಡಿಸಿ, ನೀರು ಚಿಮುಕಿಸಿದಳು. ದಾರ ಕಟ್ಟಿದಳು. ತೂಕದ ಗುಂಡು ಇಳಿಬಿಟ್ಟಳು. ಕರಣೆ ಇಟ್ಟಿಗೆಗೆ ತಾಗುವ ಸದ್ದು ಕೇಳುತ್ತಿದ್ದರೆ ಅನುಭವಸ್ಥ ಗೌಳಗಿತ್ತಿ ಹಾಲು ಕರೆಯುವ ಹಾಗಿತ್ತು. ಲಿಂಗಯ್ಯ ಬೀಡಿ ಸೇದುವುದನ್ನೇ ಮರೆತ. ಹೊಳಲಿನ ಚರಿತ್ರೆಯಲ್ಲಿ ಇದು ಎರಡನೇ ಸಲ. ಮೊದಲನೆಯದು ಅವನ ಮದುವೆಯಲ್ಲಿ.

ಸಂತೋಷ ತನ್ನ ಗೋಡೆಯ ಅಂಚಿನಲ್ಲಿ, ಮುಂದೆ ಬರುವ ಗೋಡೆ ಬೆಸೆದುಕೊಳ್ಳಲಿ ಎಂದು ಒಂದು ಬಿಟ್ಟು ಒಂದು ಇಟ್ಟಿಗೆಯನ್ನು ಹಲ್ಲಿನ ಹಾಗೆ ಹೊರಚಾಚಿ ಬಿಟ್ಟಿದ್ದ. ಇಟ್ಟಿಗೆಯ ಹಳೆಯ ಸಾಲಿಗೆ ಹೊಸ ಸಾಲು ಕೂಡಿಸಿಕೊಂಡು ಹೋಗಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ದೀಪಿಕ ಹಾಗೇ ಮಾಡಿದಳು. ಸಂತೋಷನ ಒಂದೊಂದು ಹಲ್ಲಿಗೂ ತನ್ನ ಸಾಲು ಕೂಡಿಸಿ, ಆ ಎತ್ತರಕ್ಕೇ ದಾರ ಎಳೆದು ಕಟ್ಟಿದಳು. ಭೂಮಿಯ ಮೇಲಿನ ಯಾವ ಮನೆಯಲ್ಲಾದರೂ ಅದು ಸರಿಯಾದ ಕೆಲಸ. ಈ ಮನೆಯಲ್ಲಿ ಮಾತ್ರ ತಪ್ಪು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗೋಡೆ ಸೊಂಟದ ಮಟ್ಟಕ್ಕೆ, ಅಂದರೆ ಕಡಪ ಕಲ್ಲು ಕೂರುವ ಎತ್ತರಕ್ಕೆ, ಬಂದಿತ್ತು. ನಿಲುವು ಒಂದಿಷ್ಟೂ ವಾಲಿರಲಿಲ್ಲ. ಆ ಮನೆಯಲ್ಲಿ ಅಂಥ ಗೋಡೆ ನಾನು ಕಂಡಿರಲೇ ಇಲ್ಲ. ಆಗ ದೇವೀರಮ್ಮ ಒಂದು ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಅಂಚಿನತನಕ ನೀರು ತುಂಬಿಸಿ, ಉಸಿರು ಬಿಗಿಹಿಡಿದು ತಂದು ಗೋಡೆಯ ಮೇಲಿಟ್ಟಳು.

ನೀರು ಒಂದು ಕ್ಷಣ ಯೋಚನೆ ಮಾಡಿತು. ಆಮೇಲೆ ಸಂತೋಷನ ಕಡೆಗೆ ಹರಿದು, ಅಂಚು ದಾಟಿ, ಹೊಸ ಇಟ್ಟಿಗೆಯ ಮೇಲೆ ಧಾರೆಯಾಗಿ ಇಳಿಯಿತು.

"ನನ್ ಕಣ್ಣಿಗೇನೋ ಸರಿಯಾಗೇ ಕಾಣ್ತದಲ್ಲ," ಎಂದ ಲಿಂಗಯ್ಯ, ವಾಲಿದ ಕುತ್ತಿಗೆಯಲ್ಲಿ.

ದೇವೀರಮ್ಮ ತಟ್ಟೆ ಎತ್ತಿಕೊಂಡು, ಸೆರಗಿನಿಂದ ಒರೆಸಿ, ಒಳಗೆ ಹೋದಳು. ಅವಳು ಬೈದಿದ್ದರೆ ಚೆನ್ನಾಗಿರುತ್ತಿತ್ತು. ದೀಪಿಕ ರಸಮಟ್ಟ ತಂದು ಇಟ್ಟಳು. ಅದರೊಳಗಿನ ಗುಳ್ಳೆ ನಡುವೆ ನಿಲ್ಲದೆ ಮೂಲೆಯಲ್ಲಿ ಮುದುರಿಕೊಂಡಿತು. ಸಂತೋಷನ ಗೋಡೆಗೆ ಇಟ್ಟು ನೋಡಿದಳು. ಅಲ್ಲೂ ಅದೇ ಮೂಲೆ. ಗೋಡೆ ನೆಟ್ಟಗೆ ನಿಂತಿದ್ದರೂ, ಸಂತೋಷನ ಹಲ್ಲುಗಳಿಗೆ ಕೂಡಿಸಿದ ಸಾಲುಗಳೆಲ್ಲ ಇಳಿಜಾರು. ಗೋಡೆಯ ಎದುರು ಕುಕ್ಕರಗಾಲಲ್ಲಿ ಕೂತುಬಿಟ್ಟಳು.

ಹೊತ್ತು ಇಳಿಯುವಾಗ ಮೇಸ್ತ್ರಿ ಬಂದ. ಗೋಡೆಯ ಮೇಲೆ ಒಂದು ಸಲ ಕಣ್ಣು ಓಡಿಸಿದ. ಒಳಗೆ ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿತ್ತು. ಅವನಿಗೆ ಎಲ್ಲ ಅರ್ಥವಾಯಿತು. ಆದರೂ ಕಾನೂನು ಕಾನೂನೇ. "ಸರಿ," ಎಂದ. ಚೀಲದಿಂದ ಹೊಸ ಕರಣೆ ತೆಗೆದು ಚಾಚಿದ.

ದೀಪಿಕ ಕೈ ಚಾಚಲಿಲ್ಲ.

"ಕೆಡುವ್ತೀನಿ ಅಣ್ಣ."

"ಏನಂದೆ?"

"ಗಾರೆ ಇನ್ನೂ ಹಸಿ. ಈಗ್ಲೇ ಕೆಡುವಿದ್ರೆ ಇಟ್ಟಿಗೆ ಉಳೀತವೆ."

"ಈ ಮನೇಲಿ ಇದುವರ್ಗೂ ಒಂದ್ ಇಟ್ಟಿಗೆ ಕೆಡುವಿಲ್ಲ ಕಣವ್ವ. ಮೊದ್ಲ ಗೋಡೆ ಕೆಡುವಿದ್ರೆ ಕೈ ಎದರ್ಕಂಬುಡ್ತದೆ. ಆಮೇಲೆ ಜನ್ಮದಲ್ಲಿ ಧೈರ್ಯವಾಗಿ ಕಟ್ಟಕಿಲ್ಲ. ಸಂತೋಷ ಕಟ್ಲಿಲ್ವಾ? ಪುನೀತ ಕಟ್ಲಿಲ್ವಾ? ತಗೋ."

"ನನ್ ಕೈ ಎದರಿಲ್ಲ. ಒಣಗೋಗ್ಬುಟ್ರೆ ಎದರ್ಕತದೆ." ದೀಪಿಕ ಎದ್ದು ನಿಂತಳು. "ಬೇರೆಯೋರ್ ಮನೇಲಿ ಕೈ ಕೆಡುಸ್ಬಾರ್ದು ಅಂತ ನೀವೇ ಹೇಳಿದ್ದು. ಇದು ಅಮ್ಮನ ಮನೆ ಅಲ್ವಾ?"

ಹಿತ್ತಿಲಲ್ಲಿ ಮೇಯುತ್ತಿದ್ದ ಕೋಳಿ ಕೂಡ ತಲೆ ಎತ್ತಿ ಮೇಸ್ತ್ರಿಯ ಮುಖ ನೋಡಿತು. ಒಳಗೆ ಪಾತ್ರೆಗಳ ಸದ್ದು ನಿಂತಿತ್ತು. ಮದ್ದೂರಿನ ಆ ಹೆಂಗಸಿನ ಕ್ಯಾಲೆಂಡರನ್ನು ಜೀವಮಾನವಿಡೀ ಎದೆಯಲ್ಲಿ ಹೊತ್ತವನಿಗೆ, ತನ್ನ ಮನೆಯಲ್ಲೂ ಒಬ್ಬ ಹೆಂಗಸು ಏನೂ ಅನ್ನದೆ ಮುಕ್ಕಾಲು ಪಾತ್ರೆಯಲ್ಲಿ ಬೇಯಿಸುತ್ತಿದ್ದಾಳೆಂಬುದು ಆ ಹೊತ್ತಿನವರೆಗೆ ಹೊಳೆದಿರಲಿಲ್ಲ. ಅವನು ಅಡಿಗೆಮನೆಯ ಬಾಗಿಲ ಕಡೆ ನೋಡಿದ. ದೇವೀರಮ್ಮ ಅಲ್ಲಿ ನಿಂತಿದ್ದಳು.

"ಗಾರೆ ಒಣಗ್ತಾ ಅದೆ," ಎಂದ ಮೇಸ್ತ್ರಿ, ಯಾರಿಗೋ ಬೈಯುವ ಹಾಗೆ. "ನಿಂತ್ಕಂಡು ನೋಡ್ತಾ ಇದ್ದೀಯಲ್ಲ, ಕೀಳು."

ದೀಪಿಕ ಒಂದೊಂದೇ ಇಟ್ಟಿಗೆ ಬಿಡಿಸಿದಳು. ಮಂಡ್ಯ ಸೀಮೆಯಲ್ಲೇ ಹೆಸರಾದ ಮೇಸ್ತ್ರಿ ಪಂಚೆ ಎತ್ತಿಕಟ್ಟಿ ಅವಳ ಪಕ್ಕ ಕೂತು, ಮೊದಲ ದಿನ ಕೆಲಸಕ್ಕೆ ಬಂದ ಹುಡುಗನ ಹಾಗೆ, ಇಟ್ಟಿಗೆಗೆ ಮೆತ್ತಿದ ಗಾರೆ ಕೆರೆದು ಕೆರೆದು ಒಟ್ಟಿದ. ನಾನೂ ಒಂದು ಇಟ್ಟಿಗೆ ಕೆರೆದೆ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ, ಒಂದೇ.

ಮರುದಿನ ಬೆಳಿಗ್ಗೆ ದೀಪಿಕ ಮೊದಲಿನಿಂದ ಕಟ್ಟಲು ಹಿಡಿದಳು. ಈ ಸಲ ಸಂತೋಷನ ಹಲ್ಲುಗಳ ಕಡೆ ತಿರುಗಿಯೂ ನೋಡಲಿಲ್ಲ. ಉದ್ದನೆಯ ಪಾರದರ್ಶಕ ಪೈಪಿಗೆ ನೀರು ತುಂಬಿಸಿ, ಒಂದು ತುದಿಯನ್ನು ದೇವೀರಮ್ಮನ ಕೈಗೆ ಕೊಟ್ಟಳು. "ನೀರು ಎಲ್ಲಿ ನಿಲ್ತದೋ ಅಲ್ಲಿ ಗೆರೆ ಹಾಕಮ್ಮ." ಎರಡು ತುದಿಯಲ್ಲೂ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಅದಕ್ಕೆ ಯಾರ ಗೋಡೆಯ ಹಂಗೂ ಇಲ್ಲ. ದೇವೀರಮ್ಮ ಪೈಪನ್ನು ಹಸುಗೂಸಿನ ಹಾಗೆ ಹಿಡಿದು, ನಾಲಿಗೆ ಕಚ್ಚಿಕೊಂಡು, ಇದ್ದಿಲಿನಲ್ಲಿ ಗೆರೆ ಎಳೆದಳು.

ಸುದ್ದಿ ಹೇಗೆ ಹೋಯಿತೋ, ಮಧ್ಯಾಹ್ನಕ್ಕೆ ಸಂತೋಷ ಮದ್ದೂರಿನಿಂದ ಬೈಕಿನಲ್ಲಿ ಬಂದಿಳಿದ. ಹೊಸ ಸಾಲು ತನ್ನ ಹಲ್ಲುಗಳಿಗೆ ಕೂಡದೆ, ದೀಪಿಕ ಅಲ್ಲಲ್ಲಿ ಇಟ್ಟಿಗೆ ಕತ್ತರಿಸಿ ಬೆಸೆದಿದ್ದನ್ನು ನೋಡಿದ.

"ನನ್ ಗೋಡೆ ಮಾನ ಕಳೆದ್ಯಲ್ಲ ಮಾರಾಯ್ತಿ."

"ನಾನ್ಯಾಕೆ ಕಳೀಲಿ ಅಣ್ಣ? ನಾನು ಬರೋ ಒತ್ಗೆ ಉಳ್ದೇ ಇರ್ನಿಲ್ಲ."

ಮೇಸ್ತ್ರಿ ನಕ್ಕದ್ದಕ್ಕೆ ಹಿತ್ತಿಲ ತೆಂಗಿನಮರದಿಂದ ಎರಡು ಕಾಯಿ ಉದುರಿದವು. ಸಂತೋಷನೂ ನಕ್ಕು, ಬೈಕಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಕಡಪ ಕಲ್ಲಿನ ಒಂದು ತುದಿಗೆ ಕೈ ಕೊಟ್ಟ.

ಕಲ್ಲು ಕೂತಿತು. ದೇವೀರಮ್ಮ ಮತ್ತೆ ತಟ್ಟೆ ತುಂಬಿಸಿ ತಂದಿಟ್ಟಳು. ನೀರು ಅಂಚಿನವರೆಗೂ ಇತ್ತು. ಅಲ್ಲಾಡಿತು, ನಿಂತಿತು. ಎಲ್ಲಿಗೂ ಹೋಗಲಿಲ್ಲ. ಎಲ್ಲರೂ ಮೇಸ್ತ್ರಿಯ ಬಾಯಿ ನೋಡಿದರು. ಅವನು "ಸರಿ" ಎನ್ನುವ ಮೊದಲೇ ದೇವೀರಮ್ಮ ಅವನ ಚೀಲಕ್ಕೆ ಕೈ ಹಾಕಿ ಹೊಸ ಕರಣೆ ತೆಗೆದಳು.

"ನಿನ್ ಸರಿ ಎಲ್ಲಾ ನೋಡಾಗದೆ. ಈ ಗೋಡೆಗೆ ನಾನ್ ಹೇಳ್ತೀನಿ." ಕರಣೆಯನ್ನು ಒಂದು ಸಲ ತನ್ನ ಮುಷ್ಟಿಯಲ್ಲಿ ಹಿಡಿದು, ತೂಗಿ ನೋಡಿ, ದೀಪಿಕಳಿಗೆ ಕೊಟ್ಟಳು. "ಸರಿ ಕಣವ್ವ."

ಈಗ ದೀಪಿಕ ಮಳವಳ್ಳಿಯಲ್ಲಿ ಶ್ಯಾಮಣ್ಣನವರ ಮನೆಯ ಮಹಡಿ ಕಟ್ಟುತ್ತಿದ್ದಾಳೆ. ತರಬೇತಿ ಕೇಂದ್ರದಿಂದ ಮತ್ತೆ ಇಬ್ಬರನ್ನು ಕಳಿಸಿದ್ದಾರೆ, ಕೊಪ್ಪದ ಕವಿತ ಎಂಬ ಹುಡುಗಿಯೂ ಒಬ್ಬಳು. ಅವರ ಮೊದಲ ಗೋಡೆಗೆ ಜಾಗವೆಲ್ಲಿ ಎಂದು ಮೇಸ್ತ್ರಿ ತಲೆ ಕೆರೆದುಕೊಂಡಾಗ ದೇವೀರಮ್ಮ ಹಿತ್ತಿಲು ತೋರಿಸಿ, "ಕೊಟ್ಟಿಗೆ ಕಟ್ಸು. ಅಸುನ್ನ ಮೊದ್ಲು ಕೇಳ್ಕೊ" ಎಂದಳು. ಬೆಕ್ಕು ಮನೆಯಲ್ಲೆಲ್ಲ ಚೆನ್ನಾಗಿಯೇ ನಡೆಯುತ್ತದೆ, ಆ ಒಲೆಕಟ್ಟೆಯ ಮೇಲೆ ಮಾತ್ರ ಕುಂಟುತ್ತದೆ.

ಕಟ್ಟೆ ಒಣಗಿ ಮೊದಲ ಅಡಿಗೆಯ ದಿನ ನಮ್ಮನ್ನೆಲ್ಲ ಕರೆದಿದ್ದರು. ಹಿದುಕಿದ ಅವರೆಬೇಳೆ ಸಾರು. ದೇವೀರಮ್ಮ ಹೊಸ ಕಟ್ಟೆಯ ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟು, ಬೇಯಿಸಿಟ್ಟಿದ್ದ ಸಾರನ್ನು ಸೌಟಿನಿಂದ ಅದಕ್ಕೆ ಸುರಿಯತೊಡಗಿದಳು. ಮುಕ್ಕಾಲಿಗೆ ಬಂದಾಗ ಕೈ ತಾನಾಗಿ ನಿಂತಿತು. ಮೇಸ್ತ್ರಿ ದಾರದ ನೇರ ನೋಡುವವನ ಹಾಗೆ ಒಂದು ಕಣ್ಣು ಮುಚ್ಚಿ, ಬಗ್ಗಿ, ಪಾತ್ರೆಯ ಅಂಚಿಗೆ ಕಣ್ಣಿಟ್ಟ.

"ಸುರಿ," ಎಂದ.

ದೇವೀರಮ್ಮ ಇನ್ನೊಂದು ಸೌಟು ಸುರಿದಳು. ಮತ್ತೊಂದು ಸುರಿದಳು. ಸಾರು ಸುತ್ತಲೂ ಒಂದೇ ಸಮಕ್ಕೆ ಅಂಚು ಮುಟ್ಟಿ ನಿಂತಿತು.

"ಏನ್ ಬಾಯ್ ಬುಟ್ಕಂಡು ನೋಡ್ತಾ ಇದ್ದೀರಾ?" ಎಂದಳು, ನಮ್ಮ ಕಡೆ ತಿರುಗದೆ. "ತಟ್ಟೆ ತಗೊಂಬನ್ನಿ."